ಗ್ರೇಡ್ 1 ಫ್ಯಾಟಿ ಲಿವರ್: ಮಾತ್ರೆ ಬೇಡ ಅಂದಮೇಲೆ ದಿನನಿತ್ಯ ಏನು ಮಾಡಬೇಕು?

ಹೊಂಗಿರಣ:

ಎಲ್ಲರಿಗೂ ನಮಸ್ಕಾರ. ಹೊಟ್ಟೆಯ ಅಲ್ಟ್ರಾಸೌಂಡ್ ವರದಿಯಲ್ಲಿ "ಗ್ರೇಡ್ 1 ಫ್ಯಾಟಿ ಲಿವರ್" ಎಂದು ಬಂದಿದೆ. ಗಂಡಸು, ವಯಸ್ಸು 44, ಎತ್ತರ 168 ಸೆಂ.ಮೀ., ತೂಕ 82 ಕೆ.ಜಿ., ಸೊಂಟದ ಸುತ್ತಳತೆ 98 ಸೆಂ.ಮೀ. ರಕ್ತಪರೀಕ್ಷೆಯಲ್ಲಿ ಲಿವರ್ ಕಿಣ್ವಗಳಾದ ಎಎಲ್‌ಟಿ 71, ಎಎಸ್‌ಟಿ 48, ಪ್ಲೇಟ್‌ಲೆಟ್ 2,30,000. ಸಕ್ಕರೆ ಕಾಯಿಲೆ ಇಲ್ಲ. ವಾರಕ್ಕೆ ಎರಡು ಸಲ ಮದ್ಯ ಇದೆ. ಡಾಕ್ಟರು ಮಾತ್ರೆ ಬೇಡ, ಜೀವನಶೈಲಿ ಸರಿಮಾಡಿಕೊಂಡರೆ ಸಾಕು ಎಂದಿದ್ದಾರೆ.

ಆ "ಜೀವನಶೈಲಿ" ಎಂಬುದನ್ನು ಬಿಡಿಸಿ ಹೇಳುವವರು ಬೇಕು. ತೂಕ ಎಷ್ಟು ಇಳಿಸಬೇಕು, ಎಷ್ಟು ಕಾಲದಲ್ಲಿ? ಅಡುಗೆ ಎಣ್ಣೆ ಬಿಟ್ಟರೆ ಸಾಕೆ? ಲಿವರ್ ಶುದ್ಧಿ ಮಾಡುತ್ತದೆ ಎಂದು ಮಾರುವ ಜ್ಯೂಸು, ಕ್ಯಾಪ್ಸೂಲುಗಳಿಂದ ಉಪಯೋಗ ಇದೆಯೆ? ಸುಧಾರಿಸುತ್ತಿದೆ ಎಂದು ತಿಳಿಯುವುದು ಹೇಗೆ? ಅಂಕಿಗಳ ಸಮೇತ ಉತ್ತರಿಸಿದರೆ ಉಪಕಾರ.

ಸೂಕ್ಷ್ಮದರ್ಶಕ:

ಮೊದಲು ವರದಿ ಓದುವ ಬಗೆ, ಏಕೆಂದರೆ ಈ "ಗ್ರೇಡ್" ಎಂಬ ಮಾತನ್ನೇ ಹೆಚ್ಚಿನವರು ತಪ್ಪಾಗಿ ಹಿಡಿಯುತ್ತಾರೆ. ಗ್ರೇಡ್ 1 ಕಂಡವರು ಏನೂ ಇಲ್ಲ ಎಂದು ವರದಿ ಮಡಚಿಡುತ್ತಾರೆ, ಗ್ರೇಡ್ 2 ಕಂಡವರು ನಿದ್ದೆಗೆಡುತ್ತಾರೆ. ಅಲ್ಟ್ರಾಸೌಂಡಿನ ಗ್ರೇಡ್ ಹೇಳುವುದು ಲಿವರ್ ಪರದೆಯ ಮೇಲೆ ಎಷ್ಟು ಬೆಳ್ಳಗೆ ಕಾಣುತ್ತದೆ ಎಂಬುದನ್ನು ಮಾತ್ರ. ಅದು ಕೊಬ್ಬಿನ ಅಂದಾಜು. ಮುಂದೆ ಲಿವರ್‌ನ ಗತಿ ಏನಾಗುತ್ತದೆ ಎಂಬುದು ನಿಂತಿರುವುದು ಫೈಬ್ರೋಸಿಸ್ ಮೇಲೆ, ಅಂದರೆ ಉರಿಯೂತ ಮಾಗಿದ ಜಾಗದಲ್ಲಿ ಕಟ್ಟಿಕೊಳ್ಳುವ ನಾರಿನ ಮೇಲೆ. ಆರಂಭದ ಫೈಬ್ರೋಸಿಸ್ ಸಾಮಾನ್ಯ ಅಲ್ಟ್ರಾಸೌಂಡಿಗೆ ಕಾಣುವುದೇ ಇಲ್ಲ. ಇನ್ನೊಂದು ವಿಷಯ: ಲಿವರ್‌ನಲ್ಲಿ ಕೊಬ್ಬು 5% ದಾಟಿದರೆ ಅದು ಫ್ಯಾಟಿ ಲಿವರ್, ಆದರೆ ಅಲ್ಟ್ರಾಸೌಂಡ್ ಅದನ್ನು ನೆಚ್ಚಬಹುದಾದಂತೆ ಗುರುತಿಸುವುದು ಸುಮಾರು 20–30% ಆದಮೇಲೆ. ಹಾಗಾಗಿ "ಗ್ರೇಡ್ 1" ಎಂದರೆ ಈಗತಾನೆ ಶುರುವಾದದ್ದು ಎಂದು ಅರ್ಥವಲ್ಲ.

ಫೈಬ್ರೋಸಿಸ್ ಸಾಧ್ಯತೆಯನ್ನು ನಿಮ್ಮ ಕೈಯಲ್ಲಿರುವ ವರದಿಯಿಂದಲೇ ಲೆಕ್ಕ ಹಾಕಬಹುದು. ಇದಕ್ಕೆ ಫಿಬ್-4 ಎನ್ನುತ್ತಾರೆ. ವಯಸ್ಸನ್ನು ಎಎಸ್‌ಟಿಯಿಂದ ಗುಣಿಸಿ: 44 × 48 = 2112. ಎಎಲ್‌ಟಿಯ ವರ್ಗಮೂಲ ತೆಗೆಯಿರಿ: 71ಕ್ಕೆ 8.43. ಪ್ಲೇಟ್‌ಲೆಟ್ ಅನ್ನು ಸಾವಿರದ ಲೆಕ್ಕದಲ್ಲಿ ಹಿಡಿದು (230) ಅದರಿಂದ ಗುಣಿಸಿ: ಸುಮಾರು 1939. ಈಗ 2112 ÷ 1939 = 1.09. ಇದು 1.3ಕ್ಕಿಂತ ಕಡಿಮೆ ಇದ್ದರೆ ಮುಂದುವರಿದ ಫೈಬ್ರೋಸಿಸ್ ಇರುವ ಸಂಭವ ತೀರಾ ಕಡಿಮೆ. 1.3ರಿಂದ 2.67ರ ನಡುವೆ ಬಂದರೆ ಫೈಬ್ರೋಸ್ಕ್ಯಾನ್ (ಲಿವರ್ ಎಷ್ಟು ಗಡುಸಾಗಿದೆ ಎಂದು ಅಳೆಯುವ ಸ್ಕ್ಯಾನ್) ಮಾಡಿಸಬೇಕು, 2.67 ದಾಟಿದರೆ ನೇರವಾಗಿ ಲಿವರ್ ತಜ್ಞರ ಬಳಿಗೆ. 65 ದಾಟಿದವರಿಗೆ ಕೆಳಗಿನ ಗೆರೆ 2.0, 35ಕ್ಕಿಂತ ಚಿಕ್ಕವರಲ್ಲಿ ಈ ಲೆಕ್ಕ ನೆಚ್ಚುವಂಥದ್ದಲ್ಲ, ಏಕೆಂದರೆ ವಯಸ್ಸೇ ಸೂತ್ರದೊಳಗೆ ಕೂತಿದೆ.

ಫೈಬ್ರೋಸಿಸ್ ಸಾಧ್ಯತೆ ಕಡಿಮೆ ಎಂದಮಾತ್ರಕ್ಕೆ ಎಎಲ್‌ಟಿ 71 ಸರಿ ಎಂದಾಗುವುದಿಲ್ಲ. ಲ್ಯಾಬ್ ವರದಿಗಳಲ್ಲಿ ಮೇಲಿನ ಮಿತಿ 40, 50 ಎಂದೆಲ್ಲ ಅಚ್ಚಾಗಿರುತ್ತದೆ. ಆರೋಗ್ಯವಂತ ಗಂಡಸರಲ್ಲಿ ಅದು ಸುಮಾರು 33, ಹೆಂಗಸರಲ್ಲಿ 25ರ ಒಳಗೇ ಇರುತ್ತದೆ. ಎಲ್ಲವನ್ನೂ ಕೊಬ್ಬಿನ ತಲೆಗೆ ಕಟ್ಟುವ ಮುನ್ನ ಒಮ್ಮೆ ಹೆಪಟೈಟಿಸ್ ಬಿ (ಎಚ್‌ಬಿಎಸ್‌ಎಜಿ), ಹೆಪಟೈಟಿಸ್ ಸಿ ಆ್ಯಂಟಿಬಾಡಿ, ಥೈರಾಯ್ಡ್, ಎಚ್‌ಬಿಎ1ಸಿ (ಎರಡು-ಮೂರು ತಿಂಗಳ ಸರಾಸರಿ ರಕ್ತದ ಸಕ್ಕರೆ), ಕೊಲೆಸ್ಟ್ರಾಲ್ ನೋಡಿಸಿ. ಥೈರಾಯ್ಡ್ ಕಡಿಮೆ ಇದ್ದು ಅದನ್ನು ಸರಿಮಾಡದೆ ಎಷ್ಟು ನಡೆದರೂ ಫಲ ನಿಧಾನ.

ಅಂದಹಾಗೆ, 2023ರಿಂದ ಈ ಕಾಯಿಲೆಯ ಹೆಸರು ಬದಲಾಗಿದೆ. ಮೊದಲು ಎನ್‌ಎಎಫ್‌ಎಲ್‌ಡಿ ಎನ್ನುತ್ತಿದ್ದುದನ್ನು ಈಗ ಎಂಎಎಸ್‌ಎಲ್‌ಡಿ ಎಂದು ಬರೆಯುತ್ತಾರೆ. ವರದಿಯಲ್ಲಿ ಹೊಸ ಹೆಸರು ಕಂಡು ಹೊಸ ರೋಗ ಬಂತೆಂದು ಗಾಬರಿ ಬೇಡ.

ತಕ್ಕಡಿ:

ತೂಕ ಮತ್ತು ಊಟದ ಭಾಗ ನಾನು ಹೇಳುತ್ತೇನೆ.

ನಿಮ್ಮ 82 ಕೆ.ಜಿ.ಗೆ ಲೆಕ್ಕ ಹೀಗೆ. 5%, ಅಂದರೆ 4 ಕೆ.ಜಿ. ಇಳಿದರೆ ಲಿವರ್‌ನ ಕೊಬ್ಬು ಕಣ್ಣಿಗೆ ಕಾಣುವಷ್ಟು ಕರಗುತ್ತದೆ. 7%, ಅಂದರೆ 5.7 ಕೆ.ಜಿ. ಇಳಿದರೆ ಉರಿಯೂತ ತಗ್ಗುತ್ತದೆ. 10%, ಅಂದರೆ 8.2 ಕೆ.ಜಿ. ಇಳಿದವರಲ್ಲಿ ಇದ್ದ ಫೈಬ್ರೋಸಿಸ್ ಕೂಡ ಹಿಮ್ಮೆಟ್ಟುವುದುಂಟು. ನಿಮ್ಮ ಮೊದಲ ಗುರಿ 6 ಕೆ.ಜಿ. ಇರಲಿ, ಅವಧಿ ಮೂರರಿಂದ ನಾಲ್ಕು ತಿಂಗಳು. ವಾರಕ್ಕೆ ಅರ್ಧ ಕೆ.ಜಿ. ಸರಿಯಾದ ವೇಗ, ಹೆಚ್ಚೆಂದರೆ ಒಂದು.

ವೇಗ ಹೆಚ್ಚಾದರೆ ಏನು ಕೆಡುತ್ತದೆ ಎಂದು ತಿಳಿದಿರಲಿ. ವಾರಕ್ಕೆ ಒಂದೂವರೆ ಕೆ.ಜಿ.ಗಿಂತ ಹೆಚ್ಚು ಇಳಿಸಿದರೆ ಮೈಕೊಬ್ಬು ಒಮ್ಮೆಲೇ ಕರಗಿ ರಕ್ತಕ್ಕೆ ಬರುತ್ತದೆ, ಅದನ್ನೆಲ್ಲ ಸಂಭಾಳಿಸಬೇಕಾದ್ದು ಅದೇ ಲಿವರ್. ಪಿತ್ತರಸದಲ್ಲಿ ಕೊಲೆಸ್ಟ್ರಾಲ್ ಗಟ್ಟಿಯಾಗುತ್ತದೆ, ಊಟವೇ ಇಲ್ಲದ್ದರಿಂದ ಪಿತ್ತಕೋಶ ಸಂಕುಚಿಸುವುದಿಲ್ಲ, ಕಲ್ಲು ಕಟ್ಟುತ್ತದೆ. ಬರೀ ಜ್ಯೂಸ್ ಕುಡಿದು ಎರಡು ವಾರದಲ್ಲಿ ಐದಾರು ಕೆ.ಜಿ. ಇಳಿಸಿದವರು ಪಿತ್ತಕೋಶದ ನೋವಿನೊಂದಿಗೆ ಆಸ್ಪತ್ರೆ ಸೇರುವುದು ಅಪರೂಪವಲ್ಲ.

ಈಗ ಎಣ್ಣೆಯ ಪ್ರಶ್ನೆ. ಲಿವರ್‌ನಲ್ಲಿ ಕೂಡಿದ ಕೊಬ್ಬಿನ ದೊಡ್ಡ ಪಾಲು, ಅರ್ಧಕ್ಕಿಂತ ಹೆಚ್ಚು, ಮೈಯ ಕೊಬ್ಬಿನಿಂದ, ಮುಖ್ಯವಾಗಿ ಹೊಟ್ಟೆಯ ಕೊಬ್ಬಿನಿಂದ ಸೋರಿ ಬಂದದ್ದು. ಸುಮಾರು ಕಾಲು ಭಾಗವನ್ನು ಲಿವರ್ ತಾನೇ ಸಕ್ಕರೆ, ಪಿಷ್ಟಗಳಿಂದ ತಯಾರಿಸಿದೆ. ಊಟದ ಎಣ್ಣೆ-ಜಿಡ್ಡಿನಿಂದ ನೇರವಾಗಿ ಬಂದದ್ದು ಉಳಿದ ಸಣ್ಣ ಪಾಲು. ಹಾಗಾಗಿ ಎಣ್ಣೆಯನ್ನು ಪೂರ್ತಿ ನಿಲ್ಲಿಸಿ, ಹಸಿವಾಯಿತೆಂದು ಬಿಸ್ಕತ್ತು, ಜ್ಯೂಸ್, ಇನ್ನೊಂದು ತಟ್ಟೆ ಅನ್ನ ತೆಗೆದುಕೊಂಡರೆ ಕಾಲು ಭಾಗದ ಕಾರ್ಖಾನೆಗೆ ಕಚ್ಚಾಮಾಲು ಒದಗಿಸಿದಂತೆ. ಇದೇ ಈ ವಿಷಯದಲ್ಲಿ ನಡೆಯುವ ಅತಿ ದೊಡ್ಡ ತಪ್ಪು.

ಸಕ್ಕರೆಯಲ್ಲೂ ಫ್ರಕ್ಟೋಸ್ ಎಂಬ ಭಾಗ ಹೆಚ್ಚು ತೊಂದರೆಯದು. ಗ್ಲೂಕೋಸನ್ನು ಮೈಯ ಎಲ್ಲ ಜೀವಕೋಶಗಳೂ ಬಳಸುತ್ತವೆ. ಫ್ರಕ್ಟೋಸನ್ನು, ಅದರಲ್ಲೂ ಒಮ್ಮೆಲೇ ಹೆಚ್ಚು ಬಂದಾಗ, ಸಂಭಾಳಿಸಬೇಕಾದ್ದು ಬಹುಪಾಲು ಲಿವರ್. ಅಲ್ಲಿ ಅದಕ್ಕೆ "ಸಾಕು" ಎನ್ನುವ ಕಡಿವಾಣವೂ ಇಲ್ಲ. ಹೆಚ್ಚಾದಾಗ ಅದರ ಒಂದು ಪಾಲು ಕೊಬ್ಬಾಗುವ ದಾರಿ ಹಿಡಿಯುತ್ತದೆ. 330 ಮಿ.ಲೀ. ಕೋಲಾದಲ್ಲಿ ಸುಮಾರು 35 ಗ್ರಾಂ ಸಕ್ಕರೆ. ಒಂದು ಟೀ ಚಮಚ ಎಂದರೆ 4 ಗ್ರಾಂ. ಹೊರಗಿನಿಂದ ಸೇರಿಸಿದ ಸಕ್ಕರೆ ದಿನಕ್ಕೆ 25 ಗ್ರಾಂ, ಅಂದರೆ ಆರು ಚಮಚದೊಳಗೆ ಇರಲಿ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ದಿನಕ್ಕೆ ನಾಲ್ಕು ಲೋಟ ಕಾಫಿ-ಟೀ, ತಲಾ ಎರಡು ಚಮಚ ಎಂದರೆ 32 ಗ್ರಾಂ. ಊಟಕ್ಕೆ ಮೊದಲೇ ಮಿತಿ ದಾಟಿತು. ಜೇನುತುಪ್ಪ, ಕಂದು ಸಕ್ಕರೆ ಲಿವರ್‌ನ ಲೆಕ್ಕದಲ್ಲಿ ಬೇರೆಯಲ್ಲ. ಹಣ್ಣಿನ ರಸವೂ ಅಷ್ಟೆ, ಮನೆಯಲ್ಲೇ ಹಿಂಡಿದ್ದಾದರೂ. ಇಡೀ ಹಣ್ಣು ಮಾತ್ರ ಬೇರೆ: ಅಗಿಯಬೇಕು, ನಾರಿದೆ, ಹೊಟ್ಟೆ ತುಂಬುತ್ತದೆ, ಸಕ್ಕರೆ ನಿಧಾನವಾಗಿ ಇಳಿಯುತ್ತದೆ. ದಿನಕ್ಕೆ ಎರಡು-ಮೂರು ಹಣ್ಣಿಗೆ ಯಾವ ಅಡ್ಡಿಯೂ ಇಲ್ಲ.

ಪ್ಯಾಕೆಟ್ ತೆಗೆದುಕೊಳ್ಳುವಾಗ ಮುಂದಿನ ಚಿತ್ರ ಬಿಟ್ಟು ಹಿಂದಿನ ಪಟ್ಟಿ ಓದಿ. 100 ಗ್ರಾಂಗೆ ಸಕ್ಕರೆ 5 ಗ್ರಾಂ ಒಳಗಿದ್ದರೆ ಕಡಿಮೆ, 22.5 ದಾಟಿದರೆ ಹೆಚ್ಚು. ಸಾಮಗ್ರಿಗಳ ಹೆಸರು ತೂಕದ ಇಳಿಕೆಯ ಕ್ರಮದಲ್ಲಿ ಇರುವುದರಿಂದ, ಗ್ಲೂಕೋಸ್ ಸಿರಪ್, ಫ್ರಕ್ಟೋಸ್ ಸಿರಪ್, ಹಣ್ಣಿನ ಸಾಂದ್ರ ರಸ ಇವು ಮೊದಲ ಮೂರರಲ್ಲಿ ಇದ್ದರೆ ವಾಪಸ್ ಇಟ್ಟುಬಿಡಿ. ಸಾಸ್, ಹಣ್ಣಿನ ರುಚಿಯ ಮೊಸರು, ಬೆಳಗಿನ ಸಿದ್ಧ ಧಾನ್ಯದ ಡಬ್ಬಿಗಳು, ಇವುಗಳಲ್ಲೇ ಸಕ್ಕರೆ ಅಡಗಿರುವುದು.

ತಟ್ಟೆಯಲ್ಲಿ ಅರ್ಧ ತರಕಾರಿ, ಕಾಲು ಭಾಗ ಬೇಳೆ-ಕಾಳು, ಮೊಟ್ಟೆ ಅಥವಾ ಮೀನಿನಂಥ ಪ್ರೋಟೀನ್, ಕಾಲು ಭಾಗ ಧಾನ್ಯ. ಪ್ರೋಟೀನ್ ತೂಕದ ಕೆ.ಜಿ.ಗೆ ಒಂದು ಗ್ರಾಂ ಆದರೂ ಇರಲಿ, ಇಲ್ಲದಿದ್ದರೆ ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ, ಅದು ನಮಗೆ ನಷ್ಟ. ಎಣ್ಣೆಯನ್ನು ಬಾಟಲಿಯಿಂದ ಸುರಿಯದೆ ಚಮಚದಲ್ಲಿ ಅಳೆಯಿರಿ, 15 ಮಿ.ಲೀ.ನ ಒಂದು ದೊಡ್ಡ ಚಮಚಕ್ಕೆ ಸುಮಾರು 120 ಕ್ಯಾಲೊರಿ. ಬೆಣ್ಣೆ, ತುಪ್ಪ, ಕೆನೆ, ಕೊಬ್ಬಿನ ಮಾಂಸಗಳ ಜಾಗಕ್ಕೆ ಬೀಜದ ಎಣ್ಣೆ, ದಿನಕ್ಕೊಂದು ಹಿಡಿ (30 ಗ್ರಾಂ) ಉಪ್ಪಿಲ್ಲದ ಒಣಬೀಜ ಬಂದರೆ ಕ್ಯಾಲೊರಿ ಅಷ್ಟೇ ಇದ್ದರೂ ಲಿವರ್‌ಗೆ ಹಗುರ.

ಕಾಫಿ ಕುಡಿಯುವವರು ನಿಲ್ಲಿಸಬೇಕಿಲ್ಲ. ದಿನಕ್ಕೆ ಎರಡು-ಮೂರು ಲೋಟ ಕಾಫಿ ಕುಡಿಯುವವರಲ್ಲಿ ಫೈಬ್ರೋಸಿಸ್ ಕಡಿಮೆ ಎಂಬುದು ಹಲವು ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಂಡಿದೆ. ಕಾಫಿಯಿಂದಲೇ ಹಾಗಾಯಿತು ಎಂದು ಅವು ಸಾಬೀತು ಮಾಡುವುದಿಲ್ಲ, ಆದ್ದರಿಂದ ಅಭ್ಯಾಸ ಇಲ್ಲದವರು ಔಷಧಿಯೆಂದು ಶುರುಮಾಡುವ ಅಗತ್ಯವಿಲ್ಲ. ಸಕ್ಕರೆ ಹಾಕಿದರೆ ಮೇಲಿನ ಲೆಕ್ಕ ನೆನಪಿರಲಿ. ಉಪವಾಸದ ಪದ್ಧತಿಗಳ ಬಗ್ಗೆ ಬಹಳ ಜನ ಕೇಳುತ್ತಾರೆ. ಒಟ್ಟು ಕ್ಯಾಲೊರಿ ಇಳಿದರೆ ಕೆಲಸ ಮಾಡುತ್ತವೆ, ಇಳಿಯದಿದ್ದರೆ ಇಲ್ಲ.

ತಕ್ಕಡಿಗಿಂತ ಟೇಪನ್ನು ಹೆಚ್ಚು ನಂಬಿ. ಕೊನೆಯ ಪಕ್ಕೆಲುಬು ಮತ್ತು ಸೊಂಟದ ಮೂಳೆಯ ಮೇಲಂಚು, ಇವೆರಡರ ನಡುಮಧ್ಯೆ, ಉಸಿರು ಸಹಜವಾಗಿ ಬಿಟ್ಟು ಅಳೆಯಬೇಕು. ಎತ್ತರದ ಅರ್ಧಕ್ಕಿಂತ ಕಡಿಮೆ ಇರಬೇಕು. ನಿಮಗೆ ಅದು 84. ತೆಳ್ಳಗಿದ್ದೂ ಫ್ಯಾಟಿ ಲಿವರ್ ಬರುವವರಲ್ಲಿ ತೂಕ ಸರಿಯಿದ್ದರೂ ಈ ಟೇಪು ಸಿಕ್ಕಿಬೀಳಿಸುವುದುಂಟು.

ಹೊಂಗಿರಣ:

ಇಬ್ಬರಿಗೂ ಧನ್ಯವಾದ. ಫಿಬ್-4 ಲೆಕ್ಕ ನೋಡಿ ಸಮಾಧಾನವಾಯಿತು. ವ್ಯಾಯಾಮಕ್ಕೆ ನಡಿಗೆ ಸಾಕೆ, ಭಾರ ಎತ್ತಲೇಬೇಕೆ? ಮದ್ಯ ವಾರಕ್ಕೆ ಎರಡು ಸಲ, ಪ್ರತಿಸಲ 60 ಮಿ.ಲೀ.ನ ಮೂರು ಪೆಗ್. ಇದು "ಮಿತ" ಎನ್ನುವ ಲೆಕ್ಕಕ್ಕೆ ಬರುತ್ತದೆಯೆ?

ಏರುದಾರಿ:

ಮದ್ಯದ ಲೆಕ್ಕ ಮೊದಲು. ಪೆಗ್ಗು, ಗ್ಲಾಸು, ಬಾಟಲಿ ಇವನ್ನೆಲ್ಲ ಬಿಟ್ಟು ಶುದ್ಧ ಆಲ್ಕೊಹಾಲಿನ ಗ್ರಾಂಗೆ ಇಳಿಸಿದರೆ ಮಾತ್ರ ಹೋಲಿಸಲು ಆಗುತ್ತದೆ. ಸೂತ್ರ: ಮಿ.ಲೀ. × ಶೇಕಡಾ ಪ್ರಮಾಣ ÷ 100 × 0.79. 40% ಇರುವ ಮದ್ಯದ 60 ಮಿ.ಲೀ. ಎಂದರೆ 19 ಗ್ರಾಂ. 5% ಬಿಯರ್ 330 ಮಿ.ಲೀ. ಎಂದರೆ 13 ಗ್ರಾಂ. 13% ವೈನಿನ 750 ಮಿ.ಲೀ. ಬಾಟಲಿ ಎಂದರೆ 77 ಗ್ರಾಂ. ನಿಮ್ಮದು ಪ್ರತಿಸಲ 57 ಗ್ರಾಂ, ವಾರಕ್ಕೆ 114 ಗ್ರಾಂ.

ಗಂಡಸರಲ್ಲಿ ವಾರಕ್ಕೆ 210 ಗ್ರಾಂ, ಹೆಂಗಸರಲ್ಲಿ 140 ಗ್ರಾಂ ದಾಟಿದರೆ ವೈದ್ಯರು ಮದ್ಯವನ್ನೂ ಕಾರಣವೆಂದು ಹಿಡಿದು ರೋಗದ ಹೆಸರನ್ನೇ ಬದಲಿಸುತ್ತಾರೆ. ನೀವು ಆ ಗೆರೆಯ ಕೆಳಗಿದ್ದೀರಿ. ಆದರೆ ಆ ಗೆರೆ ರೋಗವನ್ನು ವರ್ಗೀಕರಿಸಲು ಎಳೆದದ್ದು, ಇಷ್ಟು ಕುಡಿಯಬಹುದು ಎಂದು ಹೇಳಲು ಎಳೆದದ್ದಲ್ಲ. ಸೊಂಟದ ಕೊಬ್ಬು ಮತ್ತು ಮದ್ಯ ಒಂದೇ ಲಿವರ್‌ನಲ್ಲಿ ಸೇರಿದಾಗ ಹಾನಿ ಕೂಡುವುದಕ್ಕಿಂತ ಗುಣಿಸಿದಂತಾಗುತ್ತದೆ. ಒಮ್ಮೆಲೇ 57 ಗ್ರಾಂ ಎನ್ನುವುದೂ ಸಣ್ಣದಲ್ಲ: ಲಿವರ್ ಗಂಟೆಗೆ ಸುಮಾರು 7–10 ಗ್ರಾಂ ಕರಗಿಸುತ್ತದೆ, ಅಂದರೆ ಆರರಿಂದ ಎಂಟು ಗಂಟೆ. ಅಷ್ಟು ಹೊತ್ತು ಅದು ಕೊಬ್ಬು ಸುಡುವ ಕೆಲಸವನ್ನು ಬದಿಗಿಟ್ಟಿರುತ್ತದೆ. ಗ್ರಾಂಗೆ 7 ಕ್ಯಾಲೊರಿಯಂತೆ 400 ಕ್ಯಾಲೊರಿಯೂ ಸೇರುತ್ತದೆ, ಜೊತೆಗೆ ತಿನ್ನುವ ಕುರುಕಲು ಬೇರೆ. ನನ್ನ ನೇರ ಸಲಹೆ: ಮುಂದಿನ ಆರು ತಿಂಗಳು ಪೂರ್ತಿ ಸೊನ್ನೆ. 

ಇದನ್ನು ಓದುತ್ತಿರುವವರಲ್ಲಿ ದಿನವೂ ಹೆಚ್ಚು ಕುಡಿಯುವವರಿದ್ದರೆ ಒಂದು ಮಾತು: ಮನೆಯಲ್ಲಿ ಒಬ್ಬರೇ ಇದ್ದಕ್ಕಿದ್ದಂತೆ ನಿಲ್ಲಿಸಬೇಡಿ. ಕೈ ನಡುಕ, ಬೆವರು, ಫಿಟ್ಸ್, ಭ್ರಮೆ ಕಾಣಿಸಿಕೊಳ್ಳಬಹುದು, ಪ್ರಾಣಕ್ಕೂ ಅಪಾಯ. ವೈದ್ಯರ ನೆರವಿನಿಂದ, ಔಷಧಿಯ ಆಸರೆಯಲ್ಲಿ ನಿಲ್ಲಿಸಬೇಕು.

ವ್ಯಾಯಾಮ: ವಾರಕ್ಕೆ 150 ನಿಮಿಷ ಚುರುಕು ನಡಿಗೆ, ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅಷ್ಟು ವೇಗ. ತೂಕ ಒಂದು ಕೆ.ಜಿ.ಯೂ ಇಳಿಯದಿದ್ದರೂ ಇಷ್ಟರಿಂದಲೇ ಲಿವರ್‌ನ ಕೊಬ್ಬು ತಗ್ಗುತ್ತದೆ. ಕೆಲಸ ಮಾಡಿದ ಸ್ನಾಯು ರಕ್ತದ ಗ್ಲೂಕೋಸನ್ನು ತಾನೇ ಎಳೆದುಕೊಳ್ಳುತ್ತದೆ, ಇನ್ಸುಲಿನ್ ಮಟ್ಟ ಇಳಿಯುತ್ತದೆ, ಕೊಬ್ಬು ತಯಾರಿಸು ಎಂದು ಲಿವರ್‌ಗೆ ಹೋಗುವ ಆದೇಶ ಕ್ಷೀಣಿಸುತ್ತದೆ. ಊಟವಾದ ಮೇಲಿನ 10–15 ನಿಮಿಷದ ನಡಿಗೆಗೆ ಅದರ ಅಳತೆಗೆ ಮೀರಿದ ಬೆಲೆ ಇದೆ. ಭಾರದ ವ್ಯಾಯಾಮ ವಾರಕ್ಕೆ ಎರಡು ದಿನ ಸೇರಿಸಿ: ಕುರ್ಚಿಯಿಂದ ಎದ್ದು ಕೂರುವುದು, ಗೋಡೆಗೆ ಅಥವಾ ನೆಲಕ್ಕೆ ದಂಡ, ರಬ್ಬರ್ ಪಟ್ಟಿ ಎಳೆಯುವುದು, ಮೆಟ್ಟಿಲು ಹತ್ತುವುದು. ಪ್ರತಿಯೊಂದೂ 8–12 ಸಲ, ಎರಡು ಸುತ್ತು, ಕೊನೆಯ ಎರಡು ಸಲ ಕಷ್ಟವಾಗಬೇಕು. ಮಂಡಿನೋವಿದ್ದು ನಡೆಯಲಾಗದವರಿಗೆ ಇದೊಂದೇ ಸಹ ಫಲ ಕೊಡುತ್ತದೆ.

ಇಲ್ಲಿ ಒಂದು ಬಲೆ ಇದೆ. ಹೊಸದಾಗಿ ಭಾರ ಎತ್ತಿದ ಸ್ನಾಯುವಿನಿಂದಲೂ ಎಎಸ್‌ಟಿ, ಎಎಲ್‌ಟಿ ರಕ್ತಕ್ಕೆ ಸೋರುತ್ತವೆ, ವಾರದವರೆಗೂ ಏರಿಯೇ ಇರಬಹುದು. ರಕ್ತ ಕೊಡುವ ಮುಂಚಿನ ಏಳು ದಿನ ನಡಿಗೆ ಮಾತ್ರ ಸಾಕು. ಇಲ್ಲದಿದ್ದರೆ ಚೆನ್ನಾಗಿ ವ್ಯಾಯಾಮ ಮಾಡಿದವರೇ ವರದಿ ಕೆಟ್ಟಿತೆಂದು ಬೇಸತ್ತು ಬಿಟ್ಟುಬಿಡುತ್ತಾರೆ. ಸಂಶಯವಿದ್ದರೆ ಜೊತೆಗೆ ಸಿಪಿಕೆ (ಸ್ನಾಯುವಿನ ಕಿಣ್ವ) ಪರೀಕ್ಷೆ ಮಾಡಿಸಿ. ಅದೂ ಏರಿದ್ದರೆ ಮೂಲ ಸ್ನಾಯು.

ನಿದ್ದೆ ಏಳು ಗಂಟೆ. ಜೋರು ಗೊರಕೆ, ನಡುವೆ ಉಸಿರು ಕಟ್ಟುವುದು, ಬೆಳಿಗ್ಗೆ ತಲೆನೋವು ಇದ್ದರೆ ನಿದ್ರಾ ಉಸಿರುಗಟ್ಟುವಿಕೆಯ ಪರೀಕ್ಷೆ ಆಗಲಿ. ರಾತ್ರಿಯಿಡೀ ಆಮ್ಲಜನಕ ಇಳಿದೇರುವುದು ಲಿವರ್‌ಗೂ ಪೆಟ್ಟು.

ಗುಳಿಗೆಲೆಕ್ಕ:

ಜ್ಯೂಸು-ಕ್ಯಾಪ್ಸೂಲಿನ ಪ್ರಶ್ನೆಗೆ ಯಾರೂ ಉತ್ತರಿಸಿಲ್ಲ, ನಾನು ಹೇಳುತ್ತೇನೆ. ಲಿವರ್‌ನಲ್ಲಿ ಕೊಳೆ ತುಂಬಿಕೊಂಡಿದೆ, ತೊಳೆದರೆ ಹೋಗುತ್ತದೆ ಎಂಬ ಚಿತ್ರವೇ ತಪ್ಪು. ಅದು ಕಟ್ಟಿಕೊಳ್ಳುವ ಜರಡಿಯಲ್ಲ. ಔಷಧಿ, ಹಾರ್ಮೋನು, ವಿಷಗಳನ್ನು ರಾಸಾಯನಿಕವಾಗಿ ಬದಲಿಸಿ ನೀರಿನಲ್ಲಿ ಕರಗುವಂತೆ ಮಾಡಿ, ಪಿತ್ತರಸದ ಮೂಲಕವೋ ಮೂತ್ರದ ಮೂಲಕವೋ ಹೊರಗೆ ಕಳಿಸುತ್ತದೆ. ಅದರೊಳಗೆ ಕೂತಿರುವುದು ಕೊಬ್ಬು, ಕೊಬ್ಬು ಉರಿದು ಹೋಗಬೇಕೇ ಹೊರತು ತೊಳೆದು ಹೋಗುವುದಿಲ್ಲ.

ಎಣ್ಣೆ, ನಿಂಬೆರಸ, ಎಪ್ಸಮ್ ಉಪ್ಪು ಕುಡಿದು ಮರುದಿನ ಹಸಿರು ಉಂಡೆಗಳು ಬಿದ್ದವು, ಕಲ್ಲು ಹೋಯಿತು ಎನ್ನುವವರಿದ್ದಾರೆ. ಅಂಥ ಉಂಡೆಗಳನ್ನು ಪರೀಕ್ಷಿಸಿದಾಗ ಕಂಡದ್ದು, ಕುಡಿದ ಎಣ್ಣೆಯೇ ಹೊಟ್ಟೆಯಲ್ಲಿ ಸಾಬೂನಿನಂತೆ ಗಟ್ಟಿಯಾದದ್ದು. ನಿಜವಾದ ಪಿತ್ತಕಲ್ಲು ಇರುವವರು ಇದನ್ನು ಮಾಡಿದರೆ ಪಿತ್ತಕೋಶ ಬಲವಾಗಿ ಸಂಕುಚಿಸಿ ಕಲ್ಲು ನಾಳದಲ್ಲಿ ಸಿಕ್ಕಿಕೊಳ್ಳಬಹುದು. ಹಸಿ ಸೊಪ್ಪಿನ ರಸವನ್ನು ದಿನವೂ ದೊಡ್ಡ ಲೋಟಗಳಲ್ಲಿ ಕುಡಿಯುವವರಿಗೆ ಅದರ ಆಕ್ಸಲೇಟ್ ಮೂತ್ರಪಿಂಡಕ್ಕೆ ತೊಂದರೆ ಕೊಟ್ಟ ಉದಾಹರಣೆಗಳೂ ಇವೆ.

ಕ್ಯಾಪ್ಸೂಲುಗಳ ವಿಷಯ ಇನ್ನೂ ಗಂಭೀರ. ಗ್ರೀನ್ ಟೀ ಸಾರ, ಕರಿಮೆಣಸಿನ ಸಾರ ಸೇರಿಸಿದ ಅರಿಸಿನದ ಮಾತ್ರೆ, ಅಶ್ವಗಂಧ, ಮೈಕಟ್ಟಿಗೆಂದು ತೆಗೆದುಕೊಳ್ಳುವ ಅನಬಾಲಿಕ್ ಸ್ಟೀರಾಯ್ಡ್, ಭಾರೀ ಪ್ರಮಾಣದ ವಿಟಮಿನ್ ಎ, ಇವೆಲ್ಲ ಲಿವರ್‌ಗೆ ಹಾನಿ ಮಾಡಿದ ಪ್ರಕರಣಗಳು ವೈದ್ಯಕೀಯ ದಾಖಲೆಯಲ್ಲಿವೆ. ಅಡುಗೆಯ ಅರಿಸಿನಕ್ಕೂ ಮಾತ್ರೆಯ ಅರಿಸಿನಕ್ಕೂ ವ್ಯತ್ಯಾಸವಿದೆ: ಅಡುಗೆಯದು ಚಿಟಿಕೆ, ಅದೂ ಹೆಚ್ಚಾಗಿ ಮೈಗೆ ಹೀರಿಕೊಳ್ಳದೆ ಹೋಗುತ್ತದೆ, ಕರಿಮೆಣಸಿನ ಸಾರವನ್ನು ಮಾತ್ರೆಗೆ ಸೇರಿಸುವುದೇ ಹೀರಿಕೆ ಹೆಚ್ಚಿಸಲು. ಗ್ರೀನ್ ಟೀಯನ್ನು ಲೋಟದಲ್ಲಿ ಕುಡಿಯುವುದಕ್ಕೆ ಭಯವಿಲ್ಲ, ಸಾರದ ರೂಪದಲ್ಲಿ ದಿನಕ್ಕೆ 800 ಮಿ.ಗ್ರಾಂ ಇಜಿಸಿಜಿ (ಗ್ರೀನ್ ಟೀಯಲ್ಲಿರುವ ಮುಖ್ಯ ರಾಸಾಯನಿಕ) ತಲುಪಿದಾಗ ಲಿವರ್ ಕಿಣ್ವಗಳು ಏರುವುದು ಕಂಡಿದೆ. ಯಾವುದಾದರೂ ತೆಗೆದುಕೊಳ್ಳುತ್ತಿದ್ದು ತುರಿಕೆ, ಗಾಢ ಬಣ್ಣದ ಮೂತ್ರ, ವಿಪರೀತ ಸುಸ್ತು, ಕಣ್ಣು ಹಳದಿ ಕಂಡರೆ ತಕ್ಷಣ ನಿಲ್ಲಿಸಿ, ಡಬ್ಬಿಯನ್ನು ಎಸೆಯದೆ ಡಾಕ್ಟರ ಬಳಿಗೆ ಒಯ್ಯಿರಿ. "ಗಿಡಮೂಲಿಕೆ ತಾನೆ" ಎಂದು ಹೇಳದೆ ಮುಚ್ಚಿಟ್ಟರೆ ಕಾರಣ ಸಿಗದೆ ವಾರಗಟ್ಟಲೆ ಪರೀಕ್ಷೆಗಳೇ ನಡೆಯುತ್ತವೆ.

ಪ್ಯಾರಾಸಿಟಮಾಲ್ ಲೆಕ್ಕ ಎಲ್ಲರಿಗೂ ಗೊತ್ತಿರಬೇಕು. ವಯಸ್ಕರಿಗೆ 24 ಗಂಟೆಯಲ್ಲಿ ಗರಿಷ್ಠ 4 ಗ್ರಾಂ. ದಿನವೂ ಕುಡಿಯುವವರು, ಊಟ ಬಿಟ್ಟವರು, ತೀರಾ ಕೃಶರಾದವರಿಗೆ 2 ಗ್ರಾಂ. ಮಿತಿಯಲ್ಲಿದ್ದರೆ ಇದು ಒಳ್ಳೆಯ ಔಷಧಿ. ಮಿತಿ ಮೀರಿದಾಗ ಅದರಿಂದ ಹುಟ್ಟುವ ವಿಷವಸ್ತುವನ್ನು ತಣಿಸುವ ಗ್ಲುಟಥಯೋನ್ ಮುಗಿದು ಜೀವಕೋಶಗಳು ಸಾಯುತ್ತವೆ. ತಪ್ಪುವುದು ಹೀಗೆ: ಜ್ವರಕ್ಕೆ 650 ಮಿ.ಗ್ರಾಂ ಮಾತ್ರೆ ನಾಲ್ಕು, 2600. ಅದೇ ದಿನ ನೆಗಡಿಗೆ ಮೂರು ಮಾತ್ರೆ, ಅದರೊಳಗೂ ತಲಾ 500 ಮಿ.ಗ್ರಾಂ ಪ್ಯಾರಾಸಿಟಮಾಲ್, 1500. ಒಟ್ಟು 4100, ಗೊತ್ತಿಲ್ಲದಂತೆ ಗೆರೆ ದಾಟಿತು. ನೆಗಡಿ, ಮೈಕೈ ನೋವಿನ ಯಾವುದೇ ಮಾತ್ರೆಯ ಹಿಂಬದಿ ಓದಿ. ಹೆಚ್ಚಾಯಿತು ಎನಿಸಿದರೆ ಲಕ್ಷಣಕ್ಕೆ ಕಾಯಬೇಡಿ, ಮೊದಲ ದಿನ ಏನೂ ಕಾಣಿಸದೆಯೂ ಇರಬಹುದು. ಅದರ ಪ್ರತಿವಿಷವಾದ ಎನ್-ಅಸಿಟೈಲ್‌ಸಿಸ್ಟೀನ್ ಚೆನ್ನಾಗಿ ಕೆಲಸ ಮಾಡುವುದು ಮೊದಲ 8 ಗಂಟೆಯೊಳಗೆ.

ತದ್ವಿರುದ್ಧದ ತಪ್ಪೂ ಇದೆ: ಲಿವರ್‌ಗೆ ಹೆದರಿ ಕೊಲೆಸ್ಟ್ರಾಲಿನ ಸ್ಟಾಟಿನ್ ಮಾತ್ರೆ ನಿಲ್ಲಿಸುವುದು. ಫ್ಯಾಟಿ ಲಿವರ್ ಇರುವವರಿಗೆ ಸ್ಟಾಟಿನ್ ಸುರಕ್ಷಿತ, ಮತ್ತು ಅವರಲ್ಲಿ ಸಾವಿಗೆ ಮೊದಲ ಕಾರಣ ಹೃದಯದ ಕಾಯಿಲೆ. ವೈದ್ಯರನ್ನು ಕೇಳದೆ ಬಿಡಬೇಡಿ.

ಸೂಕ್ಷ್ಮದರ್ಶಕ:

ಊಟ-ನಡಿಗೆಯ ನಡುವೆ ಮರೆತುಹೋಗುವ ಎರಡು ಸಂಗತಿ ಸೇರಿಸುತ್ತೇನೆ. ಹೆಪಟೈಟಿಸ್ ಬಿ ಲಸಿಕೆ: 0, 1, 6ನೇ ತಿಂಗಳು, ಮೂರು ಡೋಸ್. ಆಗಿಲ್ಲದಿದ್ದರೆ, ಎಚ್‌ಬಿಎಸ್‌ಎಜಿ ನೆಗೆಟಿವ್ ಬಂದಮೇಲೆ ಹಾಕಿಸಿಕೊಳ್ಳಿ. ಈ ವೈರಸ್ ಮೈಯ ಹೊರಗೆ ಒಣರಕ್ತದಲ್ಲೂ ಏಳು ದಿನ ಜೀವಂತವಿರಬಲ್ಲದು. ಆದ್ದರಿಂದ ರೇಜರ್, ಬ್ರಷ್, ಉಗುರು ಕತ್ತರಿ ಯಾರೊಂದಿಗೂ ಹಂಚಿಕೊಳ್ಳುವಂತಿಲ್ಲ, ಹಚ್ಚೆ ಹಾಕಿಸುವಾಗ ಸೂಜಿ ಹೊಸದೇ ಎಂದು ನೋಡಿಕೊಳ್ಳಬೇಕು. ಹೆಪಟೈಟಿಸ್ ಸಿಗೆ ಲಸಿಕೆ ಇಲ್ಲ, ಆದರೆ 8–12 ವಾರದ ಮಾತ್ರೆಯಿಂದ 95%ಕ್ಕೂ ಹೆಚ್ಚು ಜನರಲ್ಲಿ ಪೂರ್ತಿ ಗುಣವಾಗುತ್ತದೆ, ಹಾಗಾಗಿ ಪರೀಕ್ಷೆಗೆ ಹಿಂಜರಿಯಲು ಕಾರಣವೇ ಇಲ್ಲ.

ಎರಡನೆಯದು ಬೂಸ್ಟು, ಅಂದರೆ ಆಹಾರಕ್ಕೆ ಹಿಡಿಯುವ ಶಿಲೀಂಧ್ರ. ಕಡಲೆಕಾಯಿ, ಮೆಕ್ಕೆಜೋಳ, ಒಣಬೀಜಗಳಿಗೆ ಹಿಡಿಯುವ ಒಂದು ಜಾತಿಯ ಬೂಸ್ಟಿನಿಂದ ಅಫ್ಲಟಾಕ್ಸಿನ್ ಎಂಬ ವಿಷ ಹುಟ್ಟುತ್ತದೆ, ಅದು ಲಿವರ್ ಕ್ಯಾನ್ಸರ್ ತರುವಂಥದ್ದು. ಹುರಿದರೂ ಬೇಯಿಸಿದರೂ ಪೂರ್ತಿ ಹೋಗುವುದಿಲ್ಲ. ಸುಕ್ಕಾದ, ಬಣ್ಣಗೆಟ್ಟ, ಕಹಿಯಾದ ಬೀಜಗಳನ್ನು ಆರಿಸಿ ಎಸೆಯಿರಿ. ಡಬ್ಬಿಯಲ್ಲಿ ಬೂಸ್ಟು ಹರಡಿದ್ದರೆ ಒರೆಸಿ ಬಳಸದೆ ಇಡೀ ಡಬ್ಬಿ ಬಿಟ್ಟುಬಿಡಿ.

ತಿಳಿನೀರು:

ನಡುವೆ ಬಂದದ್ದಕ್ಕೆ ಕ್ಷಮಿಸಿ. ಮನೆಯಲ್ಲಿ ಹಿರಿಯರೊಬ್ಬರಿಗೆ ಸಿರೋಸಿಸ್ (ಲಿವರ್ ಪೂರ್ತಿ ನಾರುಗಟ್ಟಿ ಗಟ್ಟಿಯಾಗುವ ಕಾಯಿಲೆ) ಇದೆ, ಕಾಲಿನಲ್ಲಿ ಊತವೂ ಇದೆ. ಅವರಿಗೂ ಇದೇ ಪಥ್ಯ ಹಿಡಿಸಬಹುದೆ?

ತಕ್ಕಡಿ:

ಬೇಡ, ದಯವಿಟ್ಟು ಬೇಡ. ಕೇಳಿದ್ದು ಒಳ್ಳೆಯದಾಯಿತು, ಏಕೆಂದರೆ ಸಿರೋಸಿಸ್‌ನಲ್ಲಿ ಲೆಕ್ಕ ಹಲವು ಕಡೆ ತಲೆಕೆಳಗಾಗುತ್ತದೆ. ಗಟ್ಟಿಯಾದ ಲಿವರ್ ಗ್ಲೂಕೋಸನ್ನು ಕೂಡಿಡಲಾರದು. ರಾತ್ರಿ ಹತ್ತು ಗಂಟೆ ಖಾಲಿ ಹೊಟ್ಟೆಯಲ್ಲಿದ್ದರೆ ಮೈ ತನ್ನ ಸ್ನಾಯುವನ್ನೇ ಒಡೆದು ಬಳಸುತ್ತದೆ. ಅವರಿಗೆ ಉಪವಾಸವಿಲ್ಲ, ಎರಡು-ಮೂರು ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪ ಊಟ, ಮಲಗುವ ಮುನ್ನ 50 ಗ್ರಾಂ ಪಿಷ್ಟವಿರುವ ತಿಂಡಿ, ಬೆಳಿಗ್ಗೆ ಎದ್ದ ಕೂಡಲೇ ಏನಾದರೂ ಆಹಾರ.

ಪ್ರೋಟೀನ್ ಕಡಿಮೆ ಮಾಡಿ ಎಂಬ ಹಳೆಯ ಸಲಹೆ ಈಗಲೂ ಓಡಾಡುತ್ತಿದೆ, ಅದರಿಂದ ರೋಗಿಗಳು ಬಡವಾಗುತ್ತಾರೆ. ಕೆ.ಜಿ.ಗೆ 1.2ರಿಂದ 1.5 ಗ್ರಾಂ ಬೇಕು. ಹೆಚ್ಚು ಮಾಂಸ ಒಗ್ಗದಿದ್ದರೆ ಹಾಲು, ಮೊಸರು, ಬೇಳೆಗಳಿಂದ. ಊತ ಇದ್ದರೆ ಉಪ್ಪು ದಿನಕ್ಕೆ ಒಟ್ಟು 5 ಗ್ರಾಂ ಒಳಗೆ, ಅಂದರೆ ಸುಮಾರು ಒಂದು ಟೀ ಚಮಚ, ಉಪ್ಪಿನಕಾಯಿ, ಪ್ಯಾಕೆಟ್ ತಿಂಡಿಗಳ ಉಪ್ಪೂ ಸೇರಿ. ಸೋಡಿಯಂ ಬದಲು ಪೊಟ್ಯಾಸಿಯಂ ಇರುವ "ಕಡಿಮೆ ಸೋಡಿಯಂ ಉಪ್ಪು" ವೈದ್ಯರನ್ನು ಕೇಳದೆ ಬೇಡ, ಊತದ ಕೆಲವು ಮಾತ್ರೆಗಳ ಜೊತೆ ಪೊಟ್ಯಾಸಿಯಂ ಅಪಾಯದ ಮಟ್ಟಕ್ಕೆ ಏರಬಹುದು. ಹಸಿ ಅಥವಾ ಅರೆಬೆಂದ ಚಿಪ್ಪುಮೀನು ಸಲ್ಲದು. ನೋವಿಗೆ ಐಬುಪ್ರೊಫೆನ್, ಡೈಕ್ಲೊಫೆನಾಕ್ ಜಾತಿಯವು ಬೇಡ, ಮೂತ್ರಪಿಂಡ ಕೈಕೊಡುತ್ತದೆ, ರಕ್ತಸ್ರಾವವಾಗುತ್ತದೆ. ದಿನಕ್ಕೆ 2 ಗ್ರಾಂ ಒಳಗಿನ ಪ್ಯಾರಾಸಿಟಮಾಲೇ ಅವರಿಗೆ ವಾಸಿ. ರಕ್ತವಾಂತಿ, ಕಪ್ಪು ಮಲ, ಹೊಟ್ಟೆ ದಿಢೀರ್ ಉಬ್ಬುವುದು, ಜ್ವರ, ಹಗಲು-ರಾತ್ರಿಯ ನಿದ್ದೆ ಅದಲುಬದಲಾಗಿ ಮಾತು ತೊದಲುವುದು, ಇವುಗಳಲ್ಲಿ ಯಾವುದು ಕಂಡರೂ ಅದೇ ಹೊತ್ತಿಗೆ ಆಸ್ಪತ್ರೆ. ಮಲಬದ್ಧತೆಯಾಗಲು ಬಿಡಬೇಡಿ; ಗೊಂದಲ ಶುರುವಾಗುವುದು ಎಷ್ಟೋ ಸಲ ಅಲ್ಲಿಂದಲೇ.

ಹೊಂಗಿರಣ:

ಎಲ್ಲರ ಉತ್ತರವನ್ನೂ ಬರೆದಿಟ್ಟುಕೊಂಡೆ. ಕೊನೆಯದಾಗಿ, ಮುಂದಿನ ಪರೀಕ್ಷೆ ಯಾವಾಗ? ಪ್ರತಿ ತಿಂಗಳು ಸ್ಕ್ಯಾನ್ ಬೇಕೆ?

ಸೂಕ್ಷ್ಮದರ್ಶಕ:

ಪ್ರತಿ ತಿಂಗಳು ಸ್ಕ್ಯಾನ್ ಮಾಡಿಸಿದರೆ ದುಡ್ಡು ಹೋಗುತ್ತದೆ, ಮಾಹಿತಿ ಸಿಗುವುದಿಲ್ಲ. ಬೇರೆ ಯಂತ್ರ, ಬೇರೆ ಕಣ್ಣು ಎಂದರೆ ಅದೇ ಲಿವರ್‌ಗೆ ಗ್ರೇಡ್ 1ರ ಬದಲು 2 ಬರಬಹುದು. ವಾರಕ್ಕೊಮ್ಮೆ ಬೆಳಿಗ್ಗೆ ತೂಕ, ತಿಂಗಳಿಗೊಮ್ಮೆ ಸೊಂಟ ಅಳೆದು ಬರೆದಿಡಿ. ಮೂರನೇ ತಿಂಗಳು ಎಎಲ್‌ಟಿ, ಎಎಸ್‌ಟಿ, ಪ್ಲೇಟ್‌ಲೆಟ್, ಒಂದೇ ಲ್ಯಾಬಿನಲ್ಲಿ, ಹಿಂದಿನ ವಾರ ಭಾರ ಎತ್ತದೆ. ಎಎಲ್‌ಟಿ 17 ಯೂನಿಟ್ ಅಥವಾ ಅದಕ್ಕಿಂತ ಹೆಚ್ಚು ಇಳಿದಿದ್ದರೆ, ಅಂದರೆ ನಿಮ್ಮದು 54ರ ಆಸುಪಾಸಿಗೆ ಬಂದಿದ್ದರೆ, ಒಳಗೆ ಉರಿಯೂತವೂ ತಗ್ಗುತ್ತಿದೆ ಎಂದು ನಂಬಲು ಆಧಾರವಿದೆ. ಆರು ತಿಂಗಳಿಗೆ ಮತ್ತೊಮ್ಮೆ.

ತೂಕ 7% ಇಳಿದು, ಮದ್ಯ ನಿಂತು ಆರು ತಿಂಗಳಾದಮೇಲೂ ಎಎಲ್‌ಟಿ ಇಳಿಯದೆ ನಿಂತಿದ್ದರೆ ಕಾರಣ ಕೊಬ್ಬಲ್ಲದೆ ಬೇರೆ ಇರಬಹುದು. ಆಗ ಆಟೊಇಮ್ಯೂನ್ ಕಾಯಿಲೆ, ಕಬ್ಬಿಣ, ತಾಮ್ರದ ಪರೀಕ್ಷೆಗಳಿಗೆ ಲಿವರ್ ತಜ್ಞರನ್ನು ಕಾಣಬೇಕು. ಎಲ್ಲ ಸರಿಹೋಯಿತೆಂದರೂ ಫಿಬ್-4 ಲೆಕ್ಕವನ್ನು ಎರಡು-ಮೂರು ವರ್ಷಕ್ಕೊಮ್ಮೆ ಹಾಕುತ್ತಿರಿ, ಮುಂದೆ ಸಕ್ಕರೆ ಕಾಯಿಲೆ ಬಂದರೆ ಒಂದೆರಡು ವರ್ಷಕ್ಕೊಮ್ಮೆ. ಫೈಬ್ರೋಸ್ಕ್ಯಾನ್ ಹೇಳಿದರೆ ಮೂರು ಗಂಟೆ ಖಾಲಿ ಹೊಟ್ಟೆಯಲ್ಲಿ ಹೋಗಿ. ಊಟದ ಮೇಲೆ ಲಿವರ್‌ಗೆ ರಕ್ತದ ಹರಿವು ಏರಿ ಅಂಕಿ ಸುಳ್ಳೇ ಹೆಚ್ಚು ತೋರಿಸುತ್ತದೆ. 8 ಕಿಲೊಪಾಸ್ಕಲ್ ಒಳಗೆ ಬಂದರೆ ಇದೇ ದಾರಿಯಲ್ಲಿ ಮುಂದುವರಿಯಿರಿ.